ಪಕ್ಕದ ಮನೆಯವನ ನೀಲಿ

ಮುಂದಿನ ಕೋಣೆಗೆ ನವಿಲು ನೀಲಿ ಬಣ್ಣ ಹೊಡೆಸಬೇಕೆಂಬುದು ಉಡುಮಲೈಪೇಟೆಯ ತೆಂಗಿನಕಾಯಿ ವ್ಯಾಪಾರಿ ಕಂದಸಾಮಿಯ ಬಹುಕಾಲದ ಆಸೆ. ಗೋಡೆಯ ಮೇಲೆ ಎರಡು ಮಾದರಿ ಹಚ್ಚಿಸಿದ್ದ: ಒಂದು ನೀಲಿ, ಇನ್ನೊಂದು ಹೆಂಡತಿ ರುಕ್ಮಣಿಯ ಸಮಾಧಾನಕ್ಕೆ ಗಂಧದ ಬಣ್ಣ. ನೀಲಿಯೇ ಗೆದ್ದಿತೆಂದು ಘೋಷಿಸಲು ಗಂಟಲು ಸರಿಮಾಡಿಕೊಳ್ಳುತ್ತಿದ್ದಾಗ ರುಕ್ಮಣಿ ಅಂದಳು:

“ಏನ್ರೀ, ನವನೀತನ್ ಬಂದು ನೋಡಿದ. ನೀಲಿ ಸೂಪರಾಗಿರತ್ತಂತೆ.”

ನವನೀತನ್ ಪಕ್ಕದ ಮನೆಗೆ ಹೊಸದಾಗಿ ಬಂದ ಬ್ರಹ್ಮಚಾರಿ, ಇವರಂತೆಯೇ ಮನೆಮಾತು ಕನ್ನಡ. ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಕೆಲಸ. ಕಸ ಹಾಕಲು ಹೊರಟರೂ ಇಸ್ತ್ರಿ ಶರ್ಟು. (ಕಂದಸಾಮಿಯ ಶರ್ಟು ಇಸ್ತ್ರಿ ಕಾಣುವುದು ಮದುವೆಮನೆಗೆ ಮಾತ್ರ, ಅದೂ ಊಟಕ್ಕೆ ಕೂರುವ ತನಕ.)

“ನಮ್ಮ ಗೋಡೆ ನೋಡೋಕೆ ಅವನ್ಯಾರು?”

“ನಾನೇ ಕರ್ದೆ. ಆ ಹುಡುಗನಿಗೆ ಒಳ್ಳೆ ಟೇಸ್ಟು.”

ಮದುವೆಯಾದ ಲಾಗಾಯ್ತಿನಿಂದ ತನ್ನ ಬಗ್ಗೆ ಆಕೆ ಇಂಥ ಮಾತಾಡಿದ್ದು ಕಂದಸಾಮಿಗೆ ನೆನಪಿರಲಿಲ್ಲ. ಎದೆಯೊಳಗೆ ಒಣಮೆಣಸಿನಕಾಯಿ ಹುರಿದಂತಾಯಿತು. ನವಿಲು ನೀಲಿ ಆ ಕ್ಷಣದಲ್ಲೇ ಪರಪುರುಷನ ಬಣ್ಣವಾಗಿಹೋಯಿತು.

“ನೀಲಿ ಬೇಡ! ಗಂಧದ ಬಣ್ಣಾನೇ ಆಗ್ಬೇಕು!”

“ನೀವೇ ನೀಲಿ ನೀಲಿ ಅಂತಿದ್ರಲ್ಲ?”

“ಯಾವನಂದ? ಇದೇನು ಮನೆಯಾ, ಈಜುಕೊಳವಾ?”

ರುಕ್ಮಣಿ ನಿಟ್ಟುಸಿರಿಟ್ಟು, “ನಿಮ್ಮಿಷ್ಟ” ಎಂದು ಒಳಗೆ ಹೋದಳು. ಗಂಧದ ಬಣ್ಣ ಗೋಡೆಗಳನ್ನೆಲ್ಲ ಆಕ್ರಮಿಸಿತು.

ಗೆದ್ದ ಮೇಲೆ ಸೋತವನ ಮುಖ ನೋಡಬೇಡವೇ? ಭಾನುವಾರ ಬೆಳಿಗ್ಗೆ ಕಂದಸಾಮಿ ಮೀಸೆ ತಿರುವಿಕೊಂಡು ನವನೀತನ್ ಮನೆಯ ಬಾಗಿಲು ಬಡಿದ. ಬಾಗಿಲು ತೆರೆಯಿತು. ಒಳಗೆ ನಾಲ್ಕೂ ಗೋಡೆ ನವಿಲು ನೀಲಿ! ಎಳೆಬಿಸಿಲು ಬಿದ್ದು ಕೋಣೆ ಮಿರಮಿರ ಮಿಂಚುತ್ತಿತ್ತು.

“ವಾಂಗಣ್ಣಾ, ಬನ್ನಿ! ನಿಮ್ಮ ಮನೇಲಿ ಈ ನೀಲಿ ನೋಡಿದಾಗಿಂದ ಕಣ್ಣಲ್ಲೇ ನಿಂತ್ಬಿಟ್ಟಿತ್ತು. ನಿಮ್ಮ ಟೇಸ್ಟೇ ಟೇಸ್ಟು!” ನವನೀತನ್ ಕಾಫಿ ಕೈಗಿಟ್ಟ. “ಆದ್ರೆ ಅಕ್ಕನ ಆಸೆ ಗಂಧದ ಬಣ್ಣ ಅಲ್ವಾ, ನಾನೂ ಅದನ್ನೇ ಹೊಡೆಸಿ ಅಂದೆ. ‘ನೀನು ನೀಲಿ ಅಂದೇಂತ ನಮ್ಮನೆಯವರಿಗೆ ಹೇಳ್ತೀನಿ, ಪರವಾಯಿಲ್ಲವಾ ತಂಬಿ’ ಅಂತ ಕೇಳಿದ್ರು. ಯಾಕಣ್ಣಾ ಹಾಗೆ?”

ಕಂದಸಾಮಿ ಕಾಫಿ ಲೋಟ ಹಿಡಿದುಕೊಂಡೇ ಕುರ್ಚಿಯಲ್ಲಿ ಕುಸಿದು ಕೂತ.

ಮಧ್ಯಾಹ್ನ ಕಾಂಪೌಂಡಿನಾಚೆಯಿಂದ ರುಕ್ಮಣಿಯ ದನಿ ಕೇಳಿಸಿತು: “ಏನ್ರೀ, ಊಟಕ್ಕೆ ಬರ್ತೀರಾ, ಇಲ್ಲಾ ಅಲ್ಲೇ ಇದ್ಬಿಡ್ತೀರಾ?”

ಕಂದಸಾಮಿ ಗೋಡೆಯಿಂದ ಕಣ್ಣು ಕೀಳದೆ, ನವನೀತನ್ ಹತ್ತಿರ ಇನ್ನೊಂದು ಕಾಫಿ ಕೇಳಿದ.