ಕೆರೆಗೆ ಹಲ್ಲುಜ್ಜುವ ಹೆಂಗಸು

ಟೂತ್‌ಬ್ರಶ್ ಹಿಡಿದು ನೀರಿಗಿಳಿಯುವ ಹೆಂಗಸಿಗೆ ಭೂಮಿಯ ಯಾವ ಮೂಲೆಯಲ್ಲೂ ಸುಮ್ಮನೆ ಕೆಲಸ ಮುಗಿಸಿ ಬರುವ ಯೋಗವಿಲ್ಲ. ವೇಲ್ಸ್‌ನ ಹಳೇ ಸೀಸದ ಗಣಿಯ ಹಳ್ಳದಲ್ಲಿ ಪೊಲೀಸಿನವನೊಬ್ಬ ಬಹಳ ವಿನಯದಿಂದ ನನ್ನ ತಲೆ ಸರಿಯಿದೆಯೇ ಎಂದು ವಿಚಾರಿಸಿದ್ದ. ಕೀನ್ಯಾದಲ್ಲಿ ಒಂದು ಕೋತಿ ಬ್ರಶ್ ಕಿತ್ತುಕೊಂಡು ಹೋಗಿ ನನಗಿಂತ ಚೆನ್ನಾಗಿ ಕಲ್ಲುಜ್ಜಿತ್ತು. ಇಷ್ಟೆಲ್ಲ ಸುತ್ತಿ ಬಂದವಳು ಎರಡು ಸಾವಿರದ ಇಸವಿಯ ಆಚೀಚೆ ಚಿತ್ರದುರ್ಗದಲ್ಲಿ ಮನೆ ಹಿಡಿದು, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಅಂತ ಬಸ್ಸು ಹತ್ತಿ ಇಳಿಯತೊಡಗಿದ ಮೇಲೆ ಕೋತಿಯೇ ವಾಸಿ ಅನ್ನಿಸಿತು.

ನನ್ನ ಕೆಲಸ ಪಾಚಿ ನೋಡುವುದು. ಬಾಟ್ಲಿಯಲ್ಲಿ ತುಂಬಿ ಲ್ಯಾಬಿಗೆ ಕೊಟ್ಟ ನೀರು ಆ ಒಂದು ದಿನದ ಕತೆ ಹೇಳುತ್ತದೆ, ಅಷ್ಟೇ. ಕಲ್ಲಿಗೆ ಅಂಟಿದ ಪಾಚಿ ಹಾಗಲ್ಲ. ವಾರಗಟ್ಟಲೆ ಅಲ್ಲೇ ಕೂತು, ಬಂದ ವಿಷವನ್ನೆಲ್ಲ ಕುಡಿದು, ಯಾವುದು ಸತ್ತಿತು, ಯಾವುದು ಉಳಿಯಿತು ಎಂದು ಲೆಕ್ಕ ಒಪ್ಪಿಸುತ್ತದೆ. ಕಲ್ಲನ್ನು ಬ್ರಶ್ಶಿನಿಂದ ಉಜ್ಜಿ, ಬಂದ ರಸವನ್ನು ಸೀಸೆಗೆ ತುಂಬಿ, ಮೈಕ್ರೋಸ್ಕೋಪಿನ ಕೆಳಗಿಟ್ಟರೆ ಕೆರೆಯ ಆರೋಗ್ಯ ಗೊತ್ತಾಗುತ್ತದೆ.

ನನ್ನ ಮುಖ್ಯ ರೋಗಿ ಒಂದು ಊರಕೆರೆ. ಮೇಲೆ ಗುಡ್ಡ, ಗುಡ್ಡದಲ್ಲಿ ಕಬ್ಬಿಣದ ಅದಿರಿನ ಗಣಿ, ಮಳೆ ಬಂದರೆ ಅಲ್ಲಿನ ಕೆಂಪು ರಾಡಿ ಸೀದಾ ಕೆರೆಗೆ. ಅದು ಬರೀ ಬಣ್ಣ, ನೀರಿಗೇನೂ ಆಗಿಲ್ಲ ಅಂತ ಗಣಿಯ ಮ್ಯಾನೇಜರ್ ಸಾಧಿಸುತ್ತಿದ್ದರು. ಮಳೆಗಾಲ ಕಳೆದ ಮೇಲೆ ಜಿಲ್ಲೆಯಿಂದ ಸಾಹೇಬರೊಬ್ಬರು ಬಂದು, ಕೆರೆ ನೋಡಿ, ನನ್ನ ವರದಿ ನೋಡಿ, ಗಣಿಯವರು ರಾಡಿಗೆ ಅಡ್ಡ ಒಡ್ಡು ಕಟ್ಟಬೇಕೋ ಬೇಡವೋ ಹೇಳುವುದಿತ್ತು. ಅದಕ್ಕೆ ಎಲ್ಲರಿಗಿಂತ ಹೆಚ್ಚು ಕಾದಿದ್ದವಳು ನೂರರ ಮೇಲೆ ಕುರಿ ಸಾಕಿದ್ದ ಒಬ್ಬ ಹೆಂಗಸು. ನಾನು ಕುರಿಯಕ್ಕ ಅನ್ನುತ್ತಿದ್ದೆ. ಕುರಿಗಳು ಆ ನೀರಿಗೆ ಮೂತಿ ಇಟ್ಟು ಹಿಂದೆ ಸರಿಯುತ್ತಿದ್ದವು, ಬೇರೆ ನೀರು ಅರ್ಧ ದಿನದ ನಡಿಗೆ. ಮೊದಲ ದಿನವೇ ಹೇಳಿದ್ದಳು: "ಕೆರಿ ಹೋದ್ರೆ ಕುರಿ ಮಾರ್ಬೇಕು ಅಮ್ಮಾರೆ. ಕುರಿ ಮಾರಿದ್ ಮ್ಯಾಲೆ ನಾನು ಬೆಳಿಗ್ಗೆ ಎದ್ದು ಯಾರನ್ನ ಬೈಲಿ?"

೧. ಒಂದು ಬಾಯಿ, ಎರಡು ಡಜನ್ ಬ್ರಶ್

ಒಂದು ಕೆರೆಯ ಪಾಚಿ ಇನ್ನೊಂದಕ್ಕೆ ಬೆರೆಯಬಾರದು, ಹಾಗಾಗಿ ಪ್ರತಿ ಕೆರೆಗೂ ಹೊಸ ಬ್ರಶ್. ಹೊಸದುರ್ಗದ ಒಂದು ಅಂಗಡಿಯಲ್ಲಿ ತಿಂಗಳಿಗೆ ಎರಡು ಡಜನ್ ಕೊಳ್ಳುತ್ತಿದ್ದೆ. ಮೊದಲ ಸಲ ಅಂಗಡಿಯವರು ಮನೆಯಲ್ಲಿ ಎಷ್ಟು ಜನ ಎಂದು ಕೇಳಿದರು. ಒಬ್ಬಳೇ ಅಂದೆ. ಮುಂದಿನ ತಿಂಗಳು ಕೇಳದೆಯೇ ಲವಂಗದೆಣ್ಣೆಯ ಸೀಸೆಯೊಂದನ್ನು ಪೊಟ್ಟಣಕ್ಕೆ ಸೇರಿಸಿದರು. ಮೂರನೇ ತಿಂಗಳು ನನ್ನನ್ನು ನೋಡಿದವರೇ ಒಳಗೆ ಹೋಗಿ ಹೆಂಡತಿಯನ್ನು ಕರೆದುಕೊಂಡು ಬಂದರು. ಆಕೆ ಅದೂ ಇದೂ ಮಾತಾಡಿಸಿ ನನ್ನನ್ನು ನಗಿಸಿದಳು. ನಗುವಾಗ ಬಾಯಿಯೊಳಗೆ ಇಣುಕಿ, ಗಂಡನ ಕಡೆ ತಿರುಗಿ, ತುಸು ನಿರಾಸೆಯಿಂದ ಹೇಳಿದಳು: "ಎಲ್ಲಾ ಸ್ವಂತದ್ವೇ ಅವೆ ಕಣ್ರಿ."

೨. ಊರ ಮರ್ಯಾದೆ

ಕೆರೆದಂಡೆಯಲ್ಲಿ ಒಂದಷ್ಟು ಕಲ್ಲು ಗುರುತು ಮಾಡಿ, ಮುಂದಿನ ತಿಂಗಳು ಬಂದು ಇವನ್ನೇ ಪರೀಕ್ಷೆ ಮಾಡುತ್ತೇನೆ, ಜೋಪಾನ ಅಂತ ಊರವರಿಗೆ ಹೇಳಿ ಬಂದಿದ್ದೆ. ಆ ತಿಂಗಳಿಡೀ ನನಗೆ ನಿದ್ದೆಯಿಲ್ಲ. ರಾಡಿ ಹರಿದ ಮೇಲಿನ ಮೊದಲ ಪಾಚಿ ಅದು! ಯಾವ ಜಾತಿ ಉಳಿದಿರಬಹುದು, ಯಾವುದು ಮಾಯವಾಗಿರಬಹುದು ಎಂದು ಬಸ್ಸಿನಲ್ಲಿ ಬೆರಳು ಮಡಚುತ್ತಲೇ ಬಂದೆ.

ಕಲ್ಲುಗಳು ಮದುಮಗನ ಹಾಗೆ ಫಳಫಳ ಹೊಳೆಯುತ್ತಿದ್ದವು. ಹಿಂದಿನ ದಿನ ಊರ ಹೆಂಗಸರೆಲ್ಲ ಸೇರಿ ಬೂದಿ, ತೆಂಗಿನ ನಾರು ಹಾಕಿ ಒಂದೊಂದನ್ನೂ ತಿಕ್ಕಿ ತೊಳೆದಿದ್ದರು. ನನ್ನ ಮುಖ ನೋಡಿ ಕುರಿಯಕ್ಕನಿಗೆ ಏನೋ ಎಡವಟ್ಟಾಗಿದೆ ಎಂದು ಹೊಳೆಯಿತು. "ಪರೀಕ್ಷೆ ಅಂದ್ರಿ. ಇಷ್ಟು ದೂರದಿಂದ ಬರೋರು ಪಾಚಿ ನೋಡಿದ್ರೆ ಊರಿಗೆ ಮರ್ಯಾದಿ ಇರ್ತೈತೇನ್ರಿ?"

ನನಗೆ ಬೇಕಾದ್ದೇ ಪಾಚಿ, ಪಾಚಿ ಇಲ್ಲದಿದ್ದರೆ ನಾನು ಬಂದೂ ದಂಡ ಎಂದು ವಿವರಿಸಿದೆ. ಆಕೆ ಒಂದು ದಾರಿ ಸೂಚಿಸಿದಳು: "ಹಂಗಾದ್ರೆ ಬರ್ರಿ, ನಮ್ಮ ಬಚ್ಚಲಿಗೆ ಹೋಗಾಣ. ಅದನ್ನ ಯಾರೂ ಮುಟ್ಟಿಲ್ಲ."

೩. ಮೂರು ಹೊತ್ತಿಗೆ ಎಷ್ಟು?

ಪಾಚಿ ಕೆಡದಿರಲೆಂದು ಸೀಸೆಗೆ ನಾಲ್ಕು ತೊಟ್ಟು ಅಯೋಡಿನ್ ಹಾಕುತ್ತೇವೆ. ಬಣ್ಣ ಥೇಟು ಕಷಾಯ. ಶ್ರೀರಾಂಪುರದಲ್ಲಿ ಬಸ್ಸು ಹತ್ತಿ ಸೀಸೆಗಳ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಪಕ್ಕದ ಅಜ್ಜ ಏನದು ಅಂದರು. ಪಾಚಿ ಅಂದೆ. ಯಾತಕ್ಕೆ ಅಂದರು. ಆಯಾಸವಾಗಿತ್ತು, ರೋಗ ಪತ್ತೆ ಮಾಡಕ್ಕೆ ಅಂದುಬಿಟ್ಟೆ.

ತಪ್ಪಾಯಿತು. ಎರಡು ಸ್ಟಾಪು ದಾಟುವಷ್ಟರಲ್ಲಿ ಹಿಂದಿನ ಸೀಟಿನಿಂದ ಮಂಡಿನೋವು ಬಂತು, ಮುಂದಿನಿಂದ ಪಿತ್ತ ಬಂತು, ಡ್ರೈವರ್ ಕನ್ನಡಿಯಲ್ಲೇ ತಮ್ಮ ಸೊಂಟದ ವಿಷಯ ತಿಳಿಸಿದರು. ಇದು ಕುಡಿಯುವುದಲ್ಲ, ವಿಷ ಎಂದು ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಹೇಳಿದೆ. ಪೆಟ್ಟಿಗೆಯತ್ತ ಚಾಚಿದ್ದ ಕೈಗಳು ಹಿಂದೆ ಸರಿದವು. ಆಮೇಲೆ ಅಜ್ಜ ಸಮಾಧಾನವಾಗಿ ಎಲ್ಲರಿಗೂ ತಿಳಿಸಿದರು: "ಹಚ್ಕಳದು ಕಣ್ರಪ್ಪ."

೪. ಸೊಟ್ಟ ಬೆನ್ನು

ಕಲ್ಲಿನ ಮೇಲೆ ಮತ್ತೆ ಪಾಚಿ ಕಟ್ಟಿತು. ಮೈಕ್ರೋಸ್ಕೋಪನ್ನೇ ಊರಿಗೆ ಹೊತ್ತು ತಂದೆ. ಗಾಜಿನ ಚಿಪ್ಪಿನೊಳಗೆ ಬದುಕುವ ಒಂದು ಬಗೆಯ ಪಾಚಿಯಿದೆ, ಡಯಾಟಮ್ ಅಂತ. ಬರಿಗಣ್ಣಿಗೆ ಕಾಣುವುದಿಲ್ಲ. ಲೋಹ ಹೆಚ್ಚಿದ ನೀರಿನಲ್ಲಿ ಅದರ ಚಿಪ್ಪೇ ಡೊಂಕಾಗುವುದುಂಟು. ಅವತ್ತು ಕಣ್ಣಿಟ್ಟರೆ, ಅಲ್ಲೊಂದು ಇಲ್ಲೊಂದಲ್ಲ, ಸಾಲು ಸಾಲು ಡೊಂಕು! ನಾನು ಕೂತಲ್ಲೇ ಕುಣಿದೆ. ಇದಕ್ಕಿಂತ ಒಳ್ಳೆಯ ಸಾಕ್ಷಿ ಎಲ್ಲಿಂದ ತರಲಿ?

ಕುರಿಯಕ್ಕನಿಗೆ ಮೊದಲು ಜೋಗಿಮಟ್ಟಿ ಕಡೆಯ ತಿಳಿನೀರಿನ ಹೊಂಡದ ಪಾಚಿ ತೋರಿಸಿದೆ. ಅಕ್ಕಿಕಾಳು ಅವೆ, ದೋಣಿ ಅವೆ, ಬಾಚಣಿಗೆ ಅವೆ ಎಂದು ಒಂದೊಂದನ್ನೇ ಹೆಸರಿಸಿದಳು. ಆಮೇಲೆ ಅವಳ ಕೆರೆಯದನ್ನಿಟ್ಟೆ. ಒಂದು ಕಣ್ಣು ಮುಚ್ಚಿ ನೋಡಿದಳು, ಇನ್ನೊಂದು ಕಣ್ಣು ಮುಚ್ಚಿ ನೋಡಿದಳು. ಕೊನೆಗೆ ತಲೆಯೆತ್ತಿ, ನಾನು ಹತ್ತು ಪುಟ ಬರೆದದ್ದನ್ನು ಒಂದೇ ಮಾತಿನಲ್ಲಿ ಮುಗಿಸಿದಳು: "ಇವೂ ಗಣಿ ಕೆಲ್ಸಕ್ಕೆ ಹೋಗ್ತವೇನ್ರಿ?"

೫. ಸೋಮವಾರದ ಹಸಿರು

ಸಾಹೇಬರು ಬರುವುದು ಸೋಮವಾರ ಎಂದು ಗೊತ್ತಾಯಿತು. ಅದಕ್ಕೆ ಮುಂಚೆ ಊರ ಶಾಲೆಯಲ್ಲಿ ಒಂದು ಸಭೆ. ಮ್ಯಾನೇಜರ್ ಕೂಡ ಬಂದು ಮುಂದಿನ ಬೆಂಚಿನಲ್ಲಿ ಕೂತರು. ಡೊಂಕು ಚಿಪ್ಪಿನ ಚಿತ್ರ ತೋರಿಸಿದೆ. ಅವರು ನಕ್ಕು, ಕಣ್ಣಿಗೆ ಕಾಣದ್ದನ್ನು ಸಾಹೇಬರು ನಂಬುತ್ತಾರೆಯೇ ಮೇಡಂ ಅಂದರು. ನನಗೆ ರೇಗಿತು. ಕಾಣುವುದೇ ಬೇಕಾದರೆ ತಗೊಳ್ಳಿ ಎಂದು ಗಿಡದಂತೆ ಪೊದೆಪೊದೆಯಾಗಿ ಬೆಳೆಯುವ ಇನ್ನೊಂದು ಪಾಚಿಯ ಫೋಟೋ ಎತ್ತಿ ಹಿಡಿದೆ. ಇದು ತಿಳಿನೀರಿನಲ್ಲಷ್ಟೇ ಬದುಕುವ ಜಾತಿ, ಈ ಕೆರೆಯಲ್ಲಿ ಇದೊಂದು ಕಂಡರೆ ನಾನೇ ಬಾಯಿ ಮುಚ್ಚಿಕೊಂಡು ಹೋಗುತ್ತೇನೆ ಅಂದೆ. ಮ್ಯಾನೇಜರ್ ಫೋಟೋವನ್ನು ಕೈಗೆ ತೆಗೆದುಕೊಂಡು ಬಹಳ ಶ್ರದ್ಧೆಯಿಂದ ನೋಡಿದರು.

ಭಾನುವಾರ ಹಾಡಹಗಲೇ ಎರಡು ಲಾರಿ ಪಾಚಿ ಬಂತು. ಎಲ್ಲಿಯ ಕೆರೆಯನ್ನು ಬೋಳಿಸಿದರೋ, ಅದೇ ಜಾತಿ, ಸೊಂಪಾದ ಹಸಿರು. ಆಳುಗಳು ನೀರಿಗಿಳಿದು ಭತ್ತದ ನಾಟಿ ಮಾಡಿದ ಹಾಗೆ ಸಾಲು ಹಿಡಿದು ನೆಟ್ಟರು. ಸುದ್ದಿ ಕೇಳಿ ನಾನು ಓಡಿ ಬರುವಷ್ಟರಲ್ಲಿ ಕೆರೆ ಯಾವುದೋ ಕ್ಯಾಲೆಂಡರಿನ ಚಿತ್ರದಂತಾಗಿತ್ತು. ಕುರಿಯಕ್ಕ ದಂಡೆಯ ಮೇಲೆ ಕೂತು, ಕುರಿ ಕೊಳ್ಳುವವನಿಗೆ ಹೇಳಿ ಕಳಿಸಲೇನ್ರಿ ಎಂದು ಕೇಳಿದಳು.

ಸೋಮವಾರ ಸಾಹೇಬರು ಬರಲಿಲ್ಲ, ಮೀಟಿಂಗು. ಮಂಗಳವಾರ ಜೀಪು ಕೆಟ್ಟಿತು. ಬುಧವಾರ ಸರ್ಕಾರಿ ರಜೆ. ಮಳೆಗಾಲ ಮುಗಿದಿದ್ದರೂ ಗುಡ್ಡದ ಮೇಲೆ ಎರಡು ಹದ ಮಳೆಯಾಯಿತು. ಮ್ಯಾನೇಜರ್ ದಿನಕ್ಕೆರಡು ಸಲ ಬಂದು ಕೆರೆ ನೋಡಿ, ಕೈಗಡಿಯಾರ ನೋಡಿ ಹೋಗುತ್ತಿದ್ದರು. ಮಂಗಳವಾರ ಪಾಚಿ ಹಳದಿಯಾಯಿತು, ಬುಧವಾರ ಕೆಂಪು ರಾಡಿ ಮೆತ್ತಿಕೊಂಡು ತಲೆಬಾಗಿತು. ಗುರುವಾರ ಸಾಹೇಬರು ಇಳಿದದ್ದೇ ಮೂಗಿಗೆ ಕರವಸ್ತ್ರ ಹಿಡಿದುಕೊಂಡು. ಸಾಲು ಸಾಲಾಗಿ ಕಂದು ಹೆಣ!

ಇದೇನು ಎಂದು ಕೇಳಿದರು. ನಾನು ಬಾಯಿ ತೆರೆಯುವ ಮುಂಚೆಯೇ ಮ್ಯಾನೇಜರ್ ಮುಂದೆ ನುಗ್ಗಿದರು. ನಾಲ್ಕು ದಿನದ ಸಂಕಟವೆಲ್ಲ ಒಟ್ಟಿಗೆ ಹೊರಬಂತು. "ಸಾರ್, ನೀವು ಸೋಮವಾರ ಬರಬೇಕಿತ್ತು ಸಾರ್. ಭಾನುವಾರ ಲಾರಿಯಿಂದ ಇಳಿಸಿದಾಗ ಎಷ್ಟು ಹಸಿರಾಗಿತ್ತು ಅಂತೀರಿ! ಈ ಕೆರೆಗೆ ಹಾಕಿದ ಮೇಲೇ ಸಾರ್ ಹಿಂಗಾಗಿದ್ದು."

ಸಾಹೇಬರು ಪೆನ್ನು ತೆಗೆದು, ಇನ್ನೊಂದು ಸಲ ನಿಧಾನವಾಗಿ ಹೇಳಿ ಅಂದರು. ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಂಡರು. ಮುಂದಿನ ಮಳೆಗಾಲದೊಳಗೆ ಒಡ್ಡು ಕಟ್ಟಬೇಕೆಂದು ಅಲ್ಲೇ ತಿಳಿಸಿದರು. ಒಳ್ಳೆ ನೀರಿನ ಪಾಚಿಯನ್ನು ಕೆಟ್ಟ ನೀರಿಗೆ ಹಾಕಿ ಎಷ್ಟು ದಿನ ಬದುಕುತ್ತದೆಂದು ನೋಡುವ ಇದೇ ಪ್ರಯೋಗಕ್ಕೆ ಒಂದು ಲಾರಿ ಕೊಡಿ ಎಂದು ನಾನು ವರ್ಷಗಟ್ಟಲೆ ಅರ್ಜಿ ಹಾಕಿ ಬೇಡಿದ್ದೆ. ಮ್ಯಾನೇಜರ್ ಎರಡು ತಂದಿದ್ದರು. ಹಾಗಾಗಿ ವರದಿಯಲ್ಲಿ 'ಪ್ರಯೋಗ ನಡೆಸಿದವರು' ಅನ್ನುವ ಕಡೆ ಅವರ ಹೆಸರನ್ನೇ ಬರೆದೆ.

ಸಾಹೇಬರು ಜೀಪು ಹತ್ತುವಾಗ ಕುರಿಯಕ್ಕ ಮ್ಯಾನೇಜರ್ ಪಕ್ಕ ಹೋಗಿ ನಿಂತು, ಬಹಳ ಕಕ್ಕುಲಾತಿಯಿಂದ ಹೇಳಿದಳು: "ಇನ್ನೂ ಅನುಮಾನ ಇದ್ರೆ ಇನ್ನೊಂದ್ ಲೋಡ್ ತರಿಸ್ರಿ ಸಾವ್ಕಾರ್ರೆ. ನೆಡಾಕೆ ನಾವೂ ಬರ್ತೀವಿ."