ಬಿಡು ಎಂಬ ಸಹಾಯಕ ಕ್ರಿಯಾಪದ

ನಮ್ಮ ಭಾವನವರ ಬಳಿ ಇರುವುದು ಒಂದೇ ಒಂದು ಕ್ರಿಯಾಪದ ಎಂದರೆ ನೀವು ನಂಬಲಿಕ್ಕಿಲ್ಲ. ಹತ್ತೊಂಬತ್ತು ವರ್ಷ ಮೈಸೂರಿನ ಪ್ರೌಢಶಾಲೆಯೊಂದರಲ್ಲಿ ಕನ್ನಡ ವ್ಯಾಕರಣ ಕಲಿಸಿದವಳು ನಾನು, ಪರೀಕ್ಷಿಸದೆ ಹೇಳುವವಳಲ್ಲ. ಲೋಕದ ಜನ ಬರುತ್ತಾರೆ, ಹೋಗುತ್ತಾರೆ, ಬಯ್ಯುತ್ತಾರೆ, ಅಳುತ್ತಾರೆ. ನಮ್ಮ ಭಾವ ಮಾತ್ರ ಬಿಡುತ್ತಾರೆ. ಬಸ್ಸು ತಪ್ಪಿತೆ? ಬಿಡು. ಹಾಲು ಒಡೆಯಿತೆ? ಬಿಡು. ಒಮ್ಮೆ ಎಡಗಾಲಿಗೆ ಕಪ್ಪು ಚಪ್ಪಲಿ, ಬಲಗಾಲಿಗೆ ಕಂದು ಚಪ್ಪಲಿ ಹಾಕಿಕೊಂಡು ಮದುವೆಮನೆಗೆ ಬಂದಿದ್ದರು. ನಾನು ಗುಟ್ಟಾಗಿ ತೋರಿಸಿದೆ. ಬಗ್ಗಿ ಕುತೂಹಲದಿಂದ ನೋಡಿಕೊಂಡು, “ವಿಡಮ್ಮಾ, ಎರಡೂ ನಂದೇ!” ಎಂದರು.

ಭಾವ ಎಂದರೆ ನನ್ನ ಅಕ್ಕನ ಗಂಡ. ಮೂರು ತಲೆಮಾರಿನ ಹಿಂದೆಯೇ ಮದರಾಸಿಗೆ ಬಂದು ಮೈಲಾಪೂರಿನಲ್ಲಿ ನೆಲೆನಿಂತ ಕನ್ನಡ ವೈಷ್ಣವರ ಮನೆತನ ಅವರದು. ಅವರ ಕನ್ನಡದಲ್ಲಿ ‘ಬಿಡು’ ಎನ್ನುವುದು ಮನಸ್ಸು ಬಂದಾಗ ‘ಬಿಡು’, ಬರದಿದ್ದಾಗ ತಮಿಳಿನ ‘ವಿಡು’. ಮೊದಮೊದಲು ನಾನು ತಿದ್ದುತ್ತಿದ್ದೆ.

“ಭಾವ, ವಿಡು ಅಲ್ಲ, ಬಿಡು. ತುಟಿ ಸೇರಿಸಿ ಹೇಳಬೇಕು.”

“ಶರಿ ಟೀಚರಮ್ಮಾ. ಆ ‘ವ’ನೂ ವಿಟ್ಟೆ!”

ಇಂಥವರನ್ನು ತಿದ್ದುವುದು ಹೇಗೆ ಹೇಳಿ!

ನಮ್ಮ ಅಕ್ಕನದು ಇದಕ್ಕೆ ತದ್ವಿರುದ್ಧವಾದ ಮತ. ಕನ್ನಡದ ಸಹಾಯಕ ಕ್ರಿಯಾಪದಗಳಲ್ಲಿ ಎರಡನ್ನು ನೋಡಿ: ‘ಕೊಳ್ಳು’ ಮತ್ತು ‘ಬಿಡು’. ಮಾಡಿಕೊಳ್ಳು, ಹಿಡಿದುಕೊಳ್ಳು, ತಂದುಕೊಳ್ಳು ಎಂದರೆ ಫಲವೆಲ್ಲ ತನ್ನ ಕಡೆಗೆ. ಮಾಡಿಬಿಡು, ಕೊಟ್ಟುಬಿಡು, ಹೋಗಿಬಿಡು ಎಂದರೆ ಕೆಲಸ ಮುಗಿಯಿತು, ಕೈ ಖಾಲಿ. ಅಕ್ಕ ‘ಕೊಳ್ಳು’ ಪಂಗಡ, ಭಾವ ‘ಬಿಡು’ ಪಂಗಡ. ಒಂದೇ ಧಾತುವಿಗೆ ಏಕಕಾಲದಲ್ಲಿ ಈ ಇಬ್ಬರೂ ಅಂಟಿಕೊಂಡರೆ ಆ ಧಾತುವಿನ ಗತಿ ಏನು? ಅವರ ಸಂಸಾರವೇ ಉತ್ತರ.

ಎರಡು ಸಾವಿರದ ಇಸವಿಯ ಈಚೆಯ ವರ್ಷಗಳಲ್ಲಿ ಹಬ್ಬಿದ ಒಂದು ಉಪದೇಶ ನಿಮಗೆ ನೆನಪಿರಬಹುದು. ಬೇಕಾದ್ದನ್ನು ಕಣ್ಣಮುಂದೆ ಕಲ್ಪಿಸಿಕೊಂಡರೆ ಸಾಕು, ವಿಶ್ವವೇ ಅದನ್ನು ಎಳೆದು ತಂದು ಬಾಗಿಲಲ್ಲಿ ನಿಲ್ಲಿಸುತ್ತದಂತೆ! ಇದಕ್ಕೆ ಆಕರ್ಷಣೆಯ ನಿಯಮ ಎಂದು ಹೆಸರು. ಅಕ್ಕ ಇದನ್ನು ಯೋಗ ತರಗತಿಯಲ್ಲಿ ಕಲಿತು ಬಂದಳು. ಫ್ರಿಜ್ಜಿನ ಬಾಗಿಲು ಚಿತ್ರಗಳಿಂದ ತುಂಬಿತು: ವಾಷಿಂಗ್ ಮೆಷಿನ್, ಬದರೀನಾಥ, ನೋವಿಲ್ಲದ ಒಂದು ಜೊತೆ ಮಂಡಿ. ಮಂಡಿಯ ಚಿತ್ರ ಯಾವುದೋ ಎಣ್ಣೆಯ ಜಾಹೀರಾತಿನಿಂದ ಕತ್ತರಿಸಿದ್ದು. ಒಬ್ಬ ಫುಟ್‌ಬಾಲ್ ಆಟಗಾರನದು.

“ಅಕ್ಕಾ, ಇದು ಗಂಡಸಿನ ಮಂಡಿ ಕಣೇ!”

“ಮಂಡಿಗೆ ಯಾವ ಲಿಂಗವೇ? ನಪುಂಸಕಲಿಂಗ ಅಂತ ನೀನೇ ತಾನೆ ಪಾಠ ಮಾಡೋಳು!”



ಆ ಬೇಸಿಗೆ ಚೆನ್ನೈನಲ್ಲಿ ನೀರಿಗೆ ಹಾಹಾಕಾರ. ಕೊಳವೆಬಾವಿ ಬರಿಯ ಗಾಳಿ ಉಸುರುತ್ತಿತ್ತು. ಅಕ್ಕ ಫ್ರಿಜ್ಜಿನ ಮೇಲೆ ನೀರಿನ ಲಾರಿಯ ಚಿತ್ರವೊಂದನ್ನು ಅಂಟಿಸಿ, ಪ್ರತಿದಿನ ಬೆಳಿಗ್ಗೆ ಕೊಡಗಳ ಮುಂದೆ ಕಣ್ಣುಮುಚ್ಚಿ ನಿಲ್ಲತೊಡಗಿದಳು. ಭಾವ ಪಕ್ಕದಲ್ಲೇ ಕಾಫಿ ಹೀರುತ್ತ, “ಅಷ್ಟು ಗಟ್ಟಿಯಾಗಿ ಎಳೀಬೇಡವೇ, ಸ್ವಲ್ಪ ವಿಡು” ಎನ್ನುತ್ತಿದ್ದರು. ಒಂಬತ್ತನೆಯ ದಿನ ಲಾರಿ ಬಂತು! ಬೀದಿಯ ಬೇರೆಲ್ಲ ಗೇಟುಗಳನ್ನು ದಾಟಿ ಅವರ ಗೇಟಿಗೇ ಬಂತು. ಹಿಂದಕ್ಕೆ ಹಿಂದಕ್ಕೆ ಬಂದು, ಗೇಟಿನ ಕಂಬವನ್ನು ಉರುಳಿಸಿ, ತುಳಸಿಯ ಕುಂಡಕ್ಕೆ ಒಂದು ಗೇಣು ದೂರದಲ್ಲಿ ನಿಂತಿತು. ಭಾವ ಲೋಟವನ್ನು ಮೆಲ್ಲಗೆ ಕೆಳಗಿಟ್ಟು, “ಕೊಂಚ ಜಾಸ್ತಿ ಆಕರ್ಷಿಸಿಬಿಟ್ಟೆ ನೋಡು” ಎಂದರು.

ಭಾವನವರಿಗೆ ಈ ಬಿಡುವ ವಿದ್ಯೆ ಬಂದದ್ದೆಲ್ಲಿಂದ? ಅದಕ್ಕೂ ಒಂದು ಗುರುಪರಂಪರೆ ಇದೆ. ಚೆನ್ನೈನ ಗಿಂಡಿ ಬಡಾವಣೆಯ ಕಾರ್ಖಾನೆಯೊಂದರಲ್ಲಿ ಅವರು ಫೋರ್‌ಮನ್ ಆಗಿದ್ದಾಗ ಹೊಸ ಯಂತ್ರ ಕೂರಿಸಲು ಜಪಾನಿನಿಂದ ಒಬ್ಬ ಎಂಜಿನಿಯರ್ ಬಂದಿದ್ದನಂತೆ. ಮಿತಭಾಷಿ. ಊಟವಾದ ಮೇಲೆ ಬೇವಿನ ಮರದ ಕೆಳಗೆ ಕಣ್ಣಲ್ಲಿ ನೀರು ತುಂಬಿಕೊಂಡು ಮೌನವಾಗಿ ಕೂರುತ್ತಿದ್ದ. ಇದು ಝೆನ್ ಸಮಾಧಿಯೆಂದು ಭಾವ, ಇದು ನಮ್ಮ ರಸಂ ಎಂದು ಕ್ಯಾಂಟೀನಿನವರು. ಒಂದು ದಿನ ಯಂತ್ರದ ಬೆಲ್ಟು ನಾಲ್ಕನೆಯ ಸಲ ಕಿತ್ತುಹೋಯಿತು. ಭಾವ ತಲೆಯ ಮೇಲೆ ಕೈಹೊತ್ತು, “ಈಗೇನು ಮಾಡೋದು?” ಎಂದು ಇಂಗ್ಲಿಷಿನಲ್ಲಿ ಕೇಳಿದರು. ಆತ ಅವರ ಭುಜ ತಟ್ಟಿ, “ಲೆಟ್ ಗೋ” ಎಂದನಂತೆ. ಅಷ್ಟೆ! ಭಾವನವರಿಗೆ ಅಲ್ಲೇ, ಗ್ರೀಸಿನ ಡಬ್ಬಿಯ ಪಕ್ಕದಲ್ಲೇ, ಜ್ಞಾನೋದಯ.

ಈ ಕಥೆಯನ್ನು ಭಾವ ಹೇಳಿದಾಗಲೆಲ್ಲ ಅಕ್ಕ ಅಡುಗೆಮನೆಯಿಂದ ಕೂಗುತ್ತಾಳೆ: “ಅವನು ‘ಲೆಟ್ಸ್ ಗೋ’ ಅಂದಿದ್ದು ರೀ! ಊಟದ ಗಂಟೆ ಹೊಡೆದಿತ್ತು!”

ಭಾವ ನಗುತ್ತಾರೆ. “ಇರಬಹುದು. ಆ ‘ಸ್’ನ ನಾನು ಬಿಟ್ಟೆ.”

ಲೋಪಸಂಧಿಯನ್ನು ಮಕ್ಕಳಿಗೆ ವರ್ಷವರ್ಷವೂ ಕಲಿಸಿದವಳು ನಾನು. ಒಂದಕ್ಷರದ ಲೋಪದಿಂದ ಒಂದು ದರ್ಶನವೇ ಹುಟ್ಟಿದ್ದನ್ನು ಕಂಡದ್ದು ಇದೇ ಮೊದಲು!

ನಗುತ್ತಿದ್ದೆನೇನೋ ನಿಜ, ಆದರೆ ಆ ಹೊತ್ತಿಗೆ ನನ್ನ ಕೈಯಲ್ಲೂ ಬಿಡಲಾಗದ ಒಂದು ವಸ್ತುವಿತ್ತು. ಗಂಡನಿಗೆ ಗಿಂಡಿಯ ಕಚೇರಿಗೆ ವರ್ಗವಾದಾಗ ನಾನು ಸಂಬಳವಿಲ್ಲದ ದೀರ್ಘ ರಜೆ ಹಾಕಿ ಚೆನ್ನೈನ ಕೀಲ್ಪಾಕಿನ ಬಾಡಿಗೆ ಮನೆಗೆ ಬಂದಿದ್ದೆ. ಬರುವ ಗಡಿಬಿಡಿಯಲ್ಲಿ ಶಾಲೆಯ ಕನ್ನಡ ವಿಭಾಗದ ಬೀರುವಿನ ಬೀಗದ ಕೈ ನನ್ನ ಕೈಚೀಲದಲ್ಲೇ ಉಳಿದುಬಿಟ್ಟಿತು. ವಾಪಸು ಕಳಿಸಬೇಕಾಗಿತ್ತು. ಕಳಿಸಲಿಲ್ಲ. ಮೂರು ವರ್ಷ ಅದು ನನ್ನ ಮನೆಯ ಕೀಗೊಂಚಲಿನಲ್ಲೇ ಕಿಣಿಕಿಣಿ ಎನ್ನುತ್ತಿತ್ತು. ಅದಿರುವ ತನಕ ನಾನು ಮಾಜಿ ಅಧ್ಯಾಪಕಿಯಲ್ಲ, ರಜೆಯಲ್ಲಿರುವ ಅಧ್ಯಾಪಕಿ. ಎಷ್ಟು ದೊಡ್ಡ ವ್ಯತ್ಯಾಸ!

ನಾಲ್ಕನೆಯ ವರ್ಷ ಮುಖ್ಯೋಪಾಧ್ಯಾಯಿನಿಯವರ ಪತ್ರ ಬಂತು. ಜೂನ್ ಒಂದಕ್ಕೆ ಕೆಲಸಕ್ಕೆ ಬರಬೇಕು, ಇಲ್ಲವೆ ರಾಜೀನಾಮೆ ಕೊಡಬೇಕು. ನನ್ನ ಜಾಗದಲ್ಲಿ ಪಾಠ ಮಾಡುತ್ತಿರುವ ತಾತ್ಕಾಲಿಕ ಅಧ್ಯಾಪಕಿಯನ್ನು ಖಾಯಂ ಮಾಡಲು ಅವರಿಗೆ ನನ್ನ ಜಾಗ ತೆರವಾಗಬೇಕು. ಕೊನೆಯಲ್ಲಿ ಒಂದು ಸಾಲು: ‘ಬೀರುವನ್ನು ಆಕೆ ತಲೆಯ ಪಿನ್ನಿನಿಂದ ತೆಗೆಯುತ್ತಿದ್ದಾರೆ, ಚಿಂತೆ ಬೇಡ.’

ಗಂಡ, “ನಿನ್ನಿಷ್ಟ ಕಣೇ” ಎಂದರು. ಗಂಡಂದಿರ ‘ನಿನ್ನಿಷ್ಟ’ಕ್ಕಿಂತ ನಿರುಪಯುಕ್ತವಾದ ಸಮಾಸ ಕನ್ನಡದಲ್ಲಿ ಇನ್ನೊಂದಿಲ್ಲ. ಅಕ್ಕ, “ನಿಮ್ಮೆಜಮಾನರಿಗೆ ಮೈಸೂರಿಗೇ ವಾಪಸ್ ಟ್ರಾನ್ಸ್‌ಫರ್ ಆಗತ್ತೆ ಅಂದ್ಕೋ. ಫ್ರಿಜ್ಜಿನ ಮೇಲೆ ಜಾಗ ಕೊಡ್ತೀನಿ” ಎಂದು ಮಂಡಿಯ ಚಿತ್ರವನ್ನು ಸರಿಸಿಯೇ ಬಿಟ್ಟಳು. ನಾಚಿಕೆ ಬಿಟ್ಟು ಹೇಳುತ್ತೇನೆ: ನಾನು ಶಾಲೆಯ ಗುಂಪುಚಿತ್ರವೊಂದನ್ನು ಕೊಟ್ಟೆ. ವ್ಯಾಕರಣ ಕಲಿಸಿದವಳು ಫುಟ್‌ಬಾಲಿಗನ ಮಂಡಿಯ ಪಕ್ಕದಲ್ಲಿ ಎರಡು ತಿಂಗಳು ನೇತಾಡಿದೆ. ವರ್ಗ ಬರಲಿಲ್ಲ.

ಮೇ ತಿಂಗಳ ಕೊನೆಯ ವಾರ ಭಾವನವರನ್ನು ಎದುರಿಗೆ ಕೂರಿಸಿಕೊಂಡು, ಪಾಠದ ಕ್ರಮದಲ್ಲೇ ಕೇಳಿದೆ. ನನಗೆ ನಿಜವಾಗಿಯೂ ತಿಳಿಯಬೇಕಾಗಿತ್ತು.

“ಭಾವ, ಬಿಡುವುದು ಸಕರ್ಮಕ ಧಾತು. ಏನನ್ನು ಬಿಡಬೇಕು? ಹೇಗೆ? ಮೊದಲ ಹಂತ ಯಾವುದು?”

ಅವರು ತಮ್ಮ ಅಂಗೈಯನ್ನು ನನ್ನ ಮುಂದೆ ತೆರೆದರು. “ಫಸ್ಟು, ಕೈಯಲ್ಲಿ ಏನಿದೆ ಅಂತ ನೋಡ್ಕೋಬೇಕಮ್ಮಾ. ಕೆಲಸ ನಿನ್ನ ಕೈಲಿ ಎಲ್ಲಿದೆ? ಬೀಗದ ಕೈ ಅಲ್ಲವಾ ಇರೋದು?”

“ಅದನ್ನು ಬಿಟ್ಟರೆ ನನಗೇನು ಸಿಗುತ್ತದೆ?”

“ನಿಂಗಾ? ಗೊತ್ತಿಲ್ಲಮ್ಮಾ. ಪಾಪ, ಆ ಹುಡುಗಿಗೆ ಪಿನ್ನು ವಾಪಸ್ ಸಿಗತ್ತೆ.”

ಮರುದಿನ ರಾಜೀನಾಮೆಯನ್ನೂ ಬೀಗದ ಕೈಯನ್ನೂ ಒಂದೇ ಲಕೋಟೆಯಲ್ಲಿಟ್ಟು ರಿಜಿಸ್ಟರ್ ಮಾಡಿದೆ. ಬಿಟ್ಟರೆ ಹಗುರವಾಗುತ್ತದೆ ಎನ್ನುತ್ತಾರಲ್ಲ? ಸುಳ್ಳು! ಜೂನ್ ಒಂದರಂದು ಬೆಳಿಗ್ಗೆ ಎದ್ದು ಇಸ್ತ್ರಿ ಮಾಡಿದ ಸೀರೆಯುಟ್ಟು, ಎಲ್ಲಿಗೂ ಹೋಗದೆ, ಊಟದ ಮೇಜಿನ ಮುಂದೆ ಕುಳಿತೆ. ಕೆಂಪು ಪೆನ್ನಿನಿಂದ ಮದುವೆಯ ಆಮಂತ್ರಣವೊಂದರ ಹನ್ನೊಂದು ತಪ್ಪುಗಳನ್ನು ತಿದ್ದಿದೆ. ಆಮೇಲೆ ಗೋಡೆಯ ಕ್ಯಾಲೆಂಡರನ್ನು. ಆಮೇಲೆ ತಿದ್ದಲು ಏನೂ ಉಳಿಯಲಿಲ್ಲ.

ಮುಂದಿನ ಮಂಗಳವಾರ ಹತ್ತು ಗಂಟೆಗೆ ಬಾಗಿಲ ಗಂಟೆ. ಭಾವ! ಎರಡು ಬಸ್ಸುಗಳನ್ನು ಬಿಟ್ಟು ಮೂರನೆಯದರಲ್ಲಿ ಬಂದಿದ್ದರು. ಕಂಕುಳಲ್ಲಿ ಮಕ್ಕಳ ಎರಡು ಗೆರೆಯ ಕಾಪಿ ಪುಸ್ತಕ.

“ಟೀಚರಮ್ಮಾ, ಒಳಗೆ ಬಿಟ್ಟುಕೊಳ್ತೀಯಾ? ನಂಗೆ ಕನ್ನಡ ಓದೋಕೂ ಬರಲ್ಲ, ಬರೆಯೋಕೂ ಬರಲ್ಲ. ಓದಿದ್ದೆಲ್ಲ ತಮಿಳಲ್ಲಿ. ರಿಟೈರ್ ಆಯ್ತು, ಇನ್ನು ನಾಚಿಕೆ ಯಾಕೆ? ಅದನ್ನೂ ವಿಟ್ಟೆ. ಅ, ಆ ಶುರು ಮಾಡು.”

ಆಹಾ, ಎಂಥ ವಿದ್ಯಾರ್ಥಿ! ಅಷ್ಟೊಂದು ವೈವಿಧ್ಯದಿಂದ ತಪ್ಪು ಮಾಡಿದವರನ್ನು ನಾನು ಕಂಡಿಲ್ಲ. ತಮಿಳಿನಲ್ಲಿ ಮಹಾಪ್ರಾಣವಿಲ್ಲವಲ್ಲ, ಆದ್ದರಿಂದ ‘ಭಾವ’ ಹೋಗಿ ‘ಬಾವ’. ‘ಗಂಟೆ’ ಒಮ್ಮೆ ‘ಕಂಟೆ’, ಒಮ್ಮೆ ‘ಘಂಠೆ’. ‘ಬಿಡು’ ಎಂದು ಬರೆಯಲು ಹೇಳಿದರೆ ದೀರ್ಘ ಕೊಟ್ಟು ‘ಬೀಡು’ ಎಂದು ಬರೆದು, “ತಮಿಳಲ್ಲಿ ವೀಡು ಅಂದ್ರೆ ಮನೆ ಅಲ್ಲವಾ?” ಎಂದು ಮುಗ್ಧರಾಗಿ ಕೇಳಿದರು. ನಾನು ಉತ್ಸಾಹದಿಂದ ಒಂದು ಗಂಟೆ ವಿವರಿಸಿದೆ: ವಿಡು, ವೀಡು, ಬಿಡು, ಬೀಡು, ತಮಿಳಿನವರಿಗೆ ಮನೆಯೂ ಮೋಕ್ಷವೂ ಒಂದೇ ಪದ! ಭಾವ ಗಲ್ಲಕ್ಕೆ ಕೈಯಿಟ್ಟು ಕೇಳಿದರು. ಆ ದಿನ ನಾನು ಎರಡು ಸಲ ಅನ್ನ ಬಡಿಸಿಕೊಂಡೆನೆಂದು ಗಂಡ ಹೇಳಿದರು.

ಅಕ್ಕನಿಗೆ ಹೇಳಬಾರದೆಂಬ ಷರತ್ತಿನ ಮೇಲೆ ಪಾಠ ಆರು ತಿಂಗಳು ನಡೆಯಿತು. ಒಂದು ವಿಚಿತ್ರವನ್ನು ಮಾತ್ರ ನಾನು ಗಮನಿಸಿದೆ: ನಾನು ಮಂಕಾಗಿದ್ದ ಮಂಗಳವಾರಗಳಲ್ಲಿ ಅವರ ತಪ್ಪುಗಳು ಹೆಚ್ಚಾಗುತ್ತಿದ್ದವು.

ಡಿಸೆಂಬರಿನಲ್ಲಿ ಅಕ್ಕನ ಮನೆಗೆ ಹೋಗಿದ್ದೆ. ಭಾವ ಪೇಟೆಗೆ ಹೋಗಿದ್ದರು. ಏಕಾದಶಿ ಯಾವತ್ತು ಎಂದು ನೋಡಲು ದೇವರ ಗೂಡಿನಲ್ಲಿ ಪಂಚಾಂಗ ಹುಡುಕುವಾಗ ಹಳೆಯ ರಟ್ಟಿನ ನೋಟುಪುಸ್ತಕವೊಂದು ಕೈಗೆ ಬಂತು. ತೆರೆದೆ. ಹಾಳೆ ಹಾಳೆಯೂ ದೇವರನಾಮಗಳು. ಮುತ್ತು ಪೋಣಿಸಿದಂಥ ಕನ್ನಡ ಅಕ್ಷರ. ಅಭ್ಯಾಸಬಲದಿಂದ ಕಣ್ಣು ತಪ್ಪು ಹುಡುಕಿತು. ಹತ್ತು ಪುಟ, ಇಪ್ಪತ್ತು ಪುಟ. ಒಂದು ಒತ್ತು ಬಿಟ್ಟಿರಲಿಲ್ಲ, ಒಂದು ದೀರ್ಘ ಜಾರಿರಲಿಲ್ಲ. ಮಹಾಪ್ರಾಣಗಳೆಲ್ಲ ಬಾಲ ಬಿಟ್ಟುಕೊಂಡು ತಂತಮ್ಮ ಜಾಗದಲ್ಲಿ ಕೂತಿದ್ದವು.

“ಅಕ್ಕಾ, ಇದು ನಿಮ್ಮತ್ತೆಯವರ ಬರಹವಾ?”

“ನಮ್ಮತ್ತೇದಾ! ನಿಮ್ಮ ಭಾವಂದು ಕಣೇ. ಚಿಕ್ಕಂದಿನಲ್ಲಿ ಅವರಮ್ಮ ಕೈ ಹಿಡಿದು ತಿದ್ದಿಸಿದ್ದಂತೆ. ಒಂದು ತಪ್ಪು ಬಂದ್ರೆ ಹಾಳೇನೇ ಹರಿದು ಹಾಕ್ತಿದ್ರಂತೆ ನಿಮ್ಮ ಭಾವ, ಅಷ್ಟು ಜಂಬ ಆ ಅಕ್ಷರದ ಮೇಲೆ! ಯಾಕೆ?”

“ಏನಿಲ್ಲ” ಎಂದೆ. ಪುಸ್ತಕವನ್ನು ಇದ್ದ ಜಾಗದಲ್ಲೇ ಇಟ್ಟೆ. ಏಕಾದಶಿ ಯಾವತ್ತೆಂದು ನೋಡುವುದು ಮರೆತೇಹೋಯಿತು.

ಒಂದೂ ತಪ್ಪಿಲ್ಲದೆ ಬರೆಯಬಲ್ಲೆನೆಂಬ ಹೆಮ್ಮೆ ಎಂಥದೆಂದು ನನಗೆ ಗೊತ್ತು. ನನ್ನ ಬಳಿ ಇರುವುದು ಅದೊಂದೇ. ಬಸ್ಸನ್ನು ಬಿಡಬಹುದು, ಚಪ್ಪಲಿಯನ್ನು ಬಿಡಬಹುದು. ಅದನ್ನು ಬಿಡಲು ನನ್ನಿಂದ ಸಾಧ್ಯವಿತ್ತೆ? ಅವರು ಆರು ತಿಂಗಳು, ಪ್ರತಿ ಮಂಗಳವಾರ, ಎರಡು ಗೆರೆಗಳ ನಡುವೆ ಅದನ್ನು ಬಿಟ್ಟು ಹೋಗಿದ್ದರು.

ಆ ಮಂಗಳವಾರವೂ ಬಾಗಿಲ ಗಂಟೆ ಹೊಡೆಯಿತು. ಬಾಗಿಲಲ್ಲಿ ಭಾವ, ಕಂಕುಳಲ್ಲಿ ಕಾಪಿ ಪುಸ್ತಕ.

“ಏನಮ್ಮಾ, ಒಳಗೆ ಬಿಟ್ಟುಕೊಳ್ತೀಯಾ?”

ಬಿಟ್ಟುಕೊಳ್ಳು. ಬಿಡು, ಕೊಳ್ಳು, ಎರಡೂ ಒಂದೇ ಪದದಲ್ಲಿ ಜಗಳವಿಲ್ಲದೆ ನಿಂತಿವೆ. ಇಷ್ಟು ವರ್ಷ ಪಾಠ ಮಾಡಿದವಳಿಗೆ ಇದು ಹೊಳೆದಿರಲಿಲ್ಲ!

“ಬನ್ನಿ ಭಾವ” ಎಂದೆ. ಪುಸ್ತಕ ಬಿಚ್ಚಿದರು. ಮೊದಲ ಸಾಲಿನಲ್ಲೇ ‘ಬಾವ’. ಕೆಂಪು ಪೆನ್ನು ತೆಗೆದು, ಬಕಾರಕ್ಕೆ ನಿಧಾನವಾಗಿ ಬಾಲ ಎಳೆದು, “ಎಷ್ಟು ಸಲ ಹೇಳಿದ್ದೇನೆ ನಿಮಗೆ?” ಎಂದು ಗದರಿಸಿದೆ.

“ತಪ್ಪಾಯ್ತು ಟೀಚರಮ್ಮಾ” ಎಂದು ಅವರು ತಲೆ ತಗ್ಗಿಸಿದರು.

ಗುಟ್ಟನ್ನು ನಾನು ಇಂದಿಗೂ ಬಿಟ್ಟುಕೊಟ್ಟಿಲ್ಲ.