ಜಿರಳೆ ತಿಂದ ಚೀಟಿಯ ಸಮರ

ಸಕಲ ಧಾತುಗಳೂ ತಮ್ಮ ತಮ್ಮ ಚೌಕಗಳಲ್ಲಿ ವಿನೀತವಾಗಿ ಕುಳಿತಿದ್ದ ಆವರ್ತಕೋಷ್ಟಕಯುಗದಲ್ಲಿ, ರಾಣೆಬೆನ್ನೂರೆಂಬ ಪುರದ ಪದವಿಪೂರ್ವ ಕಾಲೇಜೊಂದರ ಪ್ರಯೋಗಶಾಲೆಯನ್ನು ಆಳುತ್ತಿದ್ದ ಬ್ಯೂರೆಟ್ಟುಧಾರಿಣಿ, ಆಮ್ಲಕ್ಷಾರಕಲಹಶಮನಿ, ರಸಾಯನಶಾಸ್ತ್ರೋಪನ್ಯಾಸಕಿ ಶೈಲಶ್ರೀ ಬಣಕಾರರ ಪರಾಕ್ರಮವನ್ನು ಹೇಳಹೊರಟಿದ್ದೇನೆ. ತಾಯೇ ಸರಸ್ವತಿ, ಭಾಗಾಕಾರದಲ್ಲಿ ನನ್ನ ನಾಲಗೆ ತಪ್ಪದಂತೆ ಕಾಪಾಡು.

ಅಂದು ಸೋಮವಾರ. ಕಪಾಟು ಒರೆಸುತ್ತಿದ್ದ ಅಟೆಂಡರ್ ದ್ಯಾಮವ್ವನ ಕೈಮೇಲೆ ಹಳೆಯ ಬಾಟಲಿಯೊಂದರಿಂದ ಬಿಳಿಯ ಪುಡಿ ಸುರಿಯಿತು. ಬಾಟಲಿಗೆ ಅಂಟಿಸಿದ್ದ ಚೀಟಿಯ ಮೇಲಿನ ಹೆಸರನ್ನು ಜಿರಳೆಗಳು ಎಂದೋ ಭಕ್ಷಿಸಿದ್ದವು. ಉಳಿದದ್ದು ಎರಡೇ: ಯಾವುದೋ ಲೋಹದ ಕಾರ್ಬೊನೇಟ್ ಎಂದು ಸಾರುವ ಸೂತ್ರದ ಬಾಲ, ಮೋಲಾರ್ ದ್ರವ್ಯರಾಶಿ ನೂರಾ ಆರು ಎಂಬ ಅಂಕಿ.

ಗದ್ದಲ ಕೇಳಿ, ಪಕ್ಕದ ಕೋಣೆಯಿಂದ ಭೌತಶಾಸ್ತ್ರಪಂಚಾನನ ಮುರಿಗೆಪ್ಪ ಕಡೂರ ಸರ್ ಮದಗಜಗಮನದಿಂದ ಬಂದು ಗರ್ಜಿಸಿದರು.

“ಗುರುತ್ವಾಕರ್ಷಣೀನ ಪಳಗಿಸಿದಾವ ನಾನು. ನಿಮ್ಮ ರಸಾಯನಶಾಸ್ತ್ರ ನನಗ ನೀರು ಕುಡದಂಗ. ಕಾರ್ಬನ್ ಹನ್ನೆರಡು, ಮೂರು ಆಕ್ಸಿಜನ್ ನಲವತ್ತೆಂಟು, ಕೂಡಿದ್ರ ಅರವತ್ತು. ನೂರಾ ಆರರಾಗ ಅದನ್ನ ಕಳದ್ರ ನಲವತ್ತಾರು. ಅದಕ್ಕ ಹತ್ತಿರ ಅಂದ್ರ ನಲವತ್ತೈದರ ಸ್ಕ್ಯಾಂಡಿಯಂ, ಅದೇ ಇರಬೇಕು. ಅದನ್ನ ನಾ ಜನ್ಮದಾಗ ನೋಡಿಲ್ಲ. ವಿಷಾನೋ ಏನೋ.”

ನಲ್ಲಿಯ ಕೆಳಗೆ ಕೈ ಹಿಡಿದಿದ್ದ ದ್ಯಾಮವ್ವನ ಮುಖ ಬಿಳಿಚಿತು. “ಮನ್ಯಾಗ ಮಗಳ ಬಾಣಂತನ ಐತ್ರೀ ಮೇಡಂ. ಕೂಸಿಗೆ ಎಣ್ಣಿ ಹಚ್ಚೋ ಕೈ ಇದು.”

ಆ ಮಾತು ವೀರಾಂಗನೆಯ ಎದೆಗೆ ನಾಟಿತು. ಭೂತಗನ್ನಡಿಯನ್ನು ಗದೆಯಂತೆ ಎತ್ತಿ ಚೀಟಿಯ ಮೇಲೆ ಬಾಗಿದ ಶೈಲಶ್ರೀಯವರು ಕಣ್ಣು ಕಿರಿದುಮಾಡಿ ಬಹಳ ಹೊತ್ತು ನೋಡಿದರು.

“ನಿಮ್ಮ ಕೂಡೋದು ಕಳೆಯೋದು ಬರೋಬ್ಬರಿ ಐತ್ರೀ ಸರ್. ಆದ್ರ ಇಲ್ನೋಡ್ರಿ, ಕಾರ್ಬನ್‌ಗಿಂತ ಮೊದಲ, ಕೆಳಗ, ಒಂದು ಸಣ್ಣ ಎರಡು. ಲೋಹದ ಪರಮಾಣು ಒಂದಲ್ಲ, ಎರಡದಾವು.”

ಸೀಮೆಸುಣ್ಣವೆಂಬ ಶರ ಕರಿಹಲಗೆಗೆ ತಾಗಿತು. ನಲವತ್ತಾರು ಎರಡಾಗಿ ಸೀಳಿ ಇಪ್ಪತ್ತಮೂರಾಗಿ ಬಿದ್ದಿತು. ಹನ್ನೊಂದನೆಯ ಚೌಕದಲ್ಲಿ ಅಡಗಿದ್ದ ಸೋಡಿಯಂ ಶರಣಾಯಿತು.

“ಸೋಡಿಯಂ ಕಾರ್ಬೊನೇಟ್,” ಎಂದರು ವಿಜೇತೆ.

“ಹಂಗಂದ್ರ ಏನ್ರೀ?”

“ಬಟ್ಟಿ ಒಗಿಯೋ ಸೋಡಾ, ದ್ಯಾಮವ್ವ. ಚೆನ್ನಾಗಿ ಕೈ ತೊಳಕೋ, ಸಾಕು.”

ದ್ಯಾಮವ್ವ ದೀರ್ಘವಾಗಿ ಉಸಿರುಬಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಕಡೂರ ಸರ್ ಅವರನ್ನು ಮೇಲಿಂದ ಕೆಳಗೆ ನೋಡಿದಳು.

“ಸರ್, ಬೇಜಾರ ಆಗಬ್ಯಾಡ್ರಿ. ನಿಮ್ಮ ಅಂಗಿ ಕಾಲರ್ ಐತಲ್ರೀ, ಇದನ್ನ ಹಾಕಿ ಒಂದು ಕುದಿ ಕುದಿಸಿದ್ರ ಬೆಳ್ಳಗಾಗ್ತೈತಿ.”

ಸ್ಕ್ಯಾಂಡಿಯಂವೀರರು ಕಾಲರ್ ಮುಟ್ಟಿ ನೋಡಿಕೊಂಡು ಕ್ಲಾಸಿಗೆ ಹೋದರು.